ಕೆಂಪಿರುವೆಯ ಭಾನುವಾರಗಳು

ಪುರಸೈವಾಕ್ಕಂ, ಚೆನ್ನೈ
ಬುಧವಾರ, ಮಧ್ಯಾಹ್ನ

ಪೂಜ್ಯ ಬದರಿನಾಥ ಮಾವನವರಿಗೆ,

ಸಂಜೀವ ಮಾಡುವ ನಮಸ್ಕಾರಗಳು. ಫೋನಿನಲ್ಲಿ ಮಾತಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸದ ಅರ್ಧಕ್ಕೂ ‘ಆಮಾ ಆಮಾ’, ಹೌದು ಹೌದು ಎಂದುಬಿಡುತ್ತೀರಿ ಎಂದು ನಿಮ್ಮ ಮನೆಯ ಮುರಳೀಧರ ಹೇಳಿದರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹೋಟೆಲಿನಲ್ಲಿ ಊಟದ ಗಲಾಟೆ ಈಗಷ್ಟೇ ಮುಗಿಯಿತು. ಸಂಜೆಯ ತಿಂಡಿಗೆ ಇನ್ನೂ ಹೊತ್ತಿದೆ. ನಮ್ಮ ಕಿಟ್ಟಣ್ಣ ಗಲ್ಲಾದ ಮೇಲೆ ಕೂತೇ ತೂಕಡಿಸುತ್ತಿದ್ದಾನೆ. ಕನ್ನಡದಲ್ಲಿ ಇಷ್ಟುದ್ದ ಬರೆಯುವ ಅಭ್ಯಾಸ ತಪ್ಪಿಹೋಗಿದೆ, ಅಕ್ಷರ ಅಂಕುಡೊಂಕಾಗಿದ್ದರೆ ಕ್ಷಮಿಸಿ. ರಂಜನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಇದು ನಿಮ್ಮ ಮತ್ತು ಅತ್ತೆಯವರ ನಡುವೆಯೇ ಉಳಿಯುತ್ತದೆ ಎಂಬ ಧೈರ್ಯವೂ ಇದೆ.

‘ಮಾವ’ ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು. ಕೋರ್ಟಿನ ಲೆಕ್ಕದಲ್ಲಿ ನೀವು ನನಗೆ ಯಾರೂ ಅಲ್ಲ. ಆದರೆ ಬೇರೆ ಏನೆಂದು ಬರೆದರೂ ಸುಳ್ಳಾಗುತ್ತಿತ್ತು. ಸುಮ್ಮನೆ ಅದನ್ನೇ ಬರೆದೆ.

ನಿಮ್ಮ ಅಳಿಯನಾಗಿದ್ದಷ್ಟು ಕಾಲ ನನಗೆ ನಿಮ್ಮ ಪರಿಚಯವೇ ಆಗಲಿಲ್ಲ ಎಂದರೆ ನೀವು ಒಪ್ಪುತ್ತೀರಿ ಎಂದುಕೊಂಡಿದ್ದೇನೆ. ತಿರುವಲ್ಲಿಕ್ಕೇಣಿಯ ನಿಮ್ಮ ಮನೆಗೆ ಬಂದಾಗಲೆಲ್ಲ ‘ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ’ ಎನ್ನುತ್ತಿದ್ದಿರಿ. ಬೆಳ್ಳಿ ಲೋಟದಲ್ಲಿ ಕಾಫಿ ಬರುತ್ತಿತ್ತು. ನೀವು ಮೆಟ್ರೋ ಕೆಲಸದ ಟ್ರಾಫಿಕ್ಕಿನ ಬಗ್ಗೆ ಕೇಳುತ್ತಿದ್ದಿರಿ, ನಾನು ತರಕಾರಿ ರೇಟಿನ ಬಗ್ಗೆ ಹೇಳುತ್ತಿದ್ದೆ. ಆಮೇಲೆ ಇಬ್ಬರೂ ಫ್ಯಾನು ನೋಡುತ್ತ ಕೂರುತ್ತಿದ್ದೆವು. ಎಷ್ಟು ಮರ್ಯಾದೆ ಕೊಟ್ಟಿರೋ ಅಷ್ಟೇ ದೂರವಿಟ್ಟಿರಿ. ನಾನೂ ಹತ್ತಿರ ಬರಲು ಹವಣಿಸಿದವನಲ್ಲ.

ಆಮೇಲೆ ನನ್ನದೂ ರಂಜನಿಯದೂ ಮುಗಿಯಿತು. ಕೋರ್ಟಿನಿಂದ ಬಂದ ಆ ವಾರವೇ ನಿಮ್ಮ ಫೋನು. ಬೈಯಲು ಮಾಡಿದ್ದೀರಿ ಎಂದೇ ತಿಳಿದು ಹೋಟೆಲಿನ ಹಿಂಬದಿಗೆ ಹೋಗಿ ಎತ್ತಿಕೊಂಡೆ. ನೀವು ಅಂದದ್ದು ಇಷ್ಟು: ‘ಸಂಜೀವಾ, ಭಾನುವಾರ ಫ್ರೀಯಾ ಇದ್ದೀಯಾ? ತೋಟದಲ್ಲಿ ಎರುಂಬು ತೊಲ್ಲೆ ತಾಳಕ್ಕಾಗ್ತಿಲ್ಲಪ್ಪಾ. ನಿನ್ನ ಹತ್ರ ಗಾಡಿ ಇದೆಯಲ್ಲ.’ ಇರುವೆಯ ಕಾಟಕ್ಕೆ ಮಾಜಿ ಅಳಿಯನನ್ನು ಯಾಕೆ ಕರೆಯುತ್ತಾರೆ ಎಂದು ತಲೆ ಕೆಡಿಸಿಕೊಳ್ಳುವ ಮೊದಲೇ ಇನ್ನೊಂದು ಸಂಗತಿ ಕಿವಿಗೆ ಬಿದ್ದಿತ್ತು. ನೀವು ನನ್ನನ್ನು ‘ನೀನು’ ಎಂದಿದ್ದಿರಿ. ಬೆಳ್ಳಿ ಲೋಟ ಹೋದ ವಾರವೇ ‘ನೀನು’ ಬಂತು. ನಾನು ‘ಬರ್ತೀನಿ’ ಎಂದೆ.

ಕಿಟ್ಟಣ್ಣ ಗೊಣಗಿದ. ‘ಮದಿ ಮುರ್ದ್ ಹೋಯ್ತ್. ಇನ್ ನೀ ಎಂತಕ್ ಮಾರಾಯಾ ಅವ್ರ ತೋಟಕ್ ಹೋಪುದ್?’ ಎಂದ. ಭಾನುವಾರ ಬೆಳಿಗ್ಗೆ ಹೋಟೆಲಿನ ತರಕಾರಿ ವ್ಯಾನು ತೆಗೆದುಕೊಂಡು ನಿಮ್ಮ ಬೀದಿಯ ಕೊನೆಯಲ್ಲಿ ನಿಂತೆ. ನೀವು ಹಳೆಯ ಛತ್ರಿ, ಒಂದು ಕೈಚೀಲ ಹಿಡಿದು ಬಂದಿರಿ. ಅತ್ತೆಯವರು ಬಾಗಿಲಿಗೆ ಬರಲಿಲ್ಲ. ಆದರೆ ಚೀಲದೊಳಗೆ ಮೊಸರನ್ನದ ಪೊಟ್ಟಣ ಎರಡಿದ್ದವು. ‘ಎರಡು ಯಾಕೆ ಕಟ್ಟಿದೆ ಅಂತ ನಾನೂ ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ’ ಎಂದಿರಿ.

ಆ ಭಾನುವಾರಗಳು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿವೆ. ಮಾಧವರಂ ದಾಟುವಾಗ ದೂರದಲ್ಲಿ ಮಣಲಿ ರಿಫೈನರಿಯ ಚಿಮಣಿಯ ಬೆಂಕಿ ಹಗಲಲ್ಲೂ ಮಂಕಾಗಿ ಕಾಣುತ್ತಿತ್ತು. ರೆಡ್‌ ಹಿಲ್ಸ್ ಹತ್ತಿರ ಬಂದರೆ ಕೆರೆಯ ಗಾಳಿ. ಅಲ್ಲಿಂದ ನೀವು ಪ್ಯಾರೀಸ್ ಕಾರ್ನರ್ ಕಥೆ ಶುರು ಮಾಡುತ್ತಿದ್ದಿರಿ. ಹಡಗಿನ ಸರಕು ಬಿಡಿಸುವ ಆ ಕಂಪನಿಯ ಮಾಳಿಗೆ, ಮರದ ಏಣಿ, ಕಪ್ಪು ಮಸಿಯ ಸೀಲು, ಜಪಾನಿನಿಂದ ಬಂದ ಪೆಟ್ಟಿಗೆ ಒಡೆದಾಗ ಅದರೊಳಗೆ ಸಿಕ್ಕ ಸತ್ತ ಬೆಕ್ಕು. ಕೇಳಿದ ಕಥೆಯನ್ನೇ ಮತ್ತೆ ಕೇಳಿದರೂ ನನಗೆ ಬೇಜಾರಾಗುತ್ತಿರಲಿಲ್ಲ. ಪ್ರತಿಸಲ ಬೆಕ್ಕಿನ ಬಣ್ಣ ಬೇರೆಯಾಗುತ್ತಿತ್ತು. ಪೆರಿಯಪಾಳಯಂ ಕಳೆದು ಕಾಲುವೆ ಪಕ್ಕದ ಮಣ್ಣುದಾರಿಗೆ ವ್ಯಾನು ಇಳಿದರೆ ನಿಮ್ಮ ಮಾತು ತಾನಾಗಿ ನಿಲ್ಲುತ್ತಿತ್ತು. ಮುಂದೆ ನಿಮ್ಮ ಮೂರೆಕರೆ ನಿಂಬೆ. ಇಳಿದ ಕೂಡಲೇ ಒಂದು ಎಲೆ ಕಿತ್ತು ಹಿಸುಕಿ ಮೂಸುತ್ತಿದ್ದಿರಿ. ಜೀವಮಾನವೆಲ್ಲ ಬಂದರಿನ ಗೋಣಿ, ಡೀಸೆಲ್ ವಾಸನೆ ಕುಡಿದವನಿಗೆ ದೇವರು ಕೊಟ್ಟ ಔಷಧಿ ಇದು ಎನ್ನುತ್ತಿದ್ದಿರಿ.

ಮೊದಲ ದಿನ ತೋಟ ನೋಡಿ ನನಗೆ ಸಂಕಟವಾಗಿತ್ತು. ಮರದ ತುಂಬ ಕಾಯಿ, ಕೊಯ್ಯುವವರಿಲ್ಲ. ಬುಡದಲ್ಲಿ ಉದುರಿ ಕೊಳೆತ ಹಣ್ಣು. ಎಲೆಗಳ ಮೇಲೆ ಮಸಿ ಬಳಿದಂತೆ ಕಪ್ಪು. ಬದುವಿನ ಉದ್ದಕ್ಕೂ, ಹನಿ ನೀರಾವರಿ ಪೈಪಿನ ಪಕ್ಕಕ್ಕೂ ಪುಡಿಮಣ್ಣಿನ ದಿಬ್ಬಗಳು. ಒಂದನ್ನು ಚಪ್ಪಲಿಯಿಂದ ಸ್ವಲ್ಪ ಮುಟ್ಟಿದೆ ಅಷ್ಟೆ. ಕಾಲಿನ ಮೇಲೆ ಕೆಂಡ ಸುರಿದ ಹಾಗಾಯಿತು. ಮರುದಿನ ಕಚ್ಚಿದ ಕಡೆಯೆಲ್ಲ ಕೀವು ತುಂಬಿದ ಬೊಕ್ಕೆ. ಹೊಸೂರು ಕಡೆಯ ಬೋರಮ್ಮ, ನಿಮ್ಮ ತೋಟ ನೋಡಿಕೊಂಡು, ಕೊಯ್ಲಿಗೆ ಹೆಣ್ಣಾಳುಗಳನ್ನು ಕರೆತರುವವಳು, ಸೊಂಟಕ್ಕೆ ಕೈಯಿಟ್ಟು ನಿಂತು ಹೇಳಿದ್ದಳು: ‘ಇದ್ ಬೆಂಕಿ ಇರುವೆ ಸಾಮಿ. ಕೊಂಬೆ ಹಿಡಿದ್ರೆ ಕೈ ಮ್ಯಾಲೆ ಬತ್ತದೆ, ಏಣಿ ಹತ್ತಿದ್ರೆ ಕಾಲಿಗೆ ಬತ್ತದೆ. ನಮ್ ಹೆಂಗಸ್ರು ವರಮಾಟ್ಟೇನ್, ಬರಾಕಿಲ್ಲ ಅಂತವ್ರೆ. ನಾನೇನ್ ಮಾಡ್ಲಿ?’

ನಾವಿಬ್ಬರೂ ಮಾಡದ ಹುಚ್ಚಾಟವಿಲ್ಲ. ಸೀಮೆಎಣ್ಣೆ ಸುರಿದೆವು. ಕುದಿಯುವ ನೀರು ಹೊತ್ತು ಹಾಕಿದೆವು. ಅಂಗಡಿಯವನು ಕೊಟ್ಟ ಬಿಳಿ ಪುಡಿ ಉದುರಿಸಿದೆವು. ದಿಬ್ಬ ಸತ್ತಂತೆ ಕಾಣುತ್ತಿತ್ತು. ಮುಂದಿನ ಭಾನುವಾರ ನೋಡಿದರೆ ಪಕ್ಕದ ಮರದ ಬುಡದಲ್ಲಿ ಹೊಸ ದಿಬ್ಬ. ಕೊನೆಗೆ ನೀವೇ ಒಂದು ಬಾಟಲಿಯಲ್ಲಿ ಇರುವೆ ತುಂಬಿಕೊಂಡು ಕೃಷಿ ಸಂಶೋಧನಾ ಕೇಂದ್ರಕ್ಕೆ ಹೊರಟಿರಿ. ಅಲ್ಲಿ ಕೀಟಗಳ ವಿಭಾಗದಲ್ಲಿ ಸುಗುಣಾ ಸಿಕ್ಕಿದ್ದು ನಮ್ಮ ಪುಣ್ಯ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ನಮ್ಮ ದೇಶದ್ದಲ್ಲ ಸಾರ್, ಯಾವ ಕಾಲದಲ್ಲೋ ಹಡಗಿನಲ್ಲಿ ಬಂದದ್ದು’ ಎಂದರು. ನೀವು ನನ್ನ ಕಡೆ ತಿರುಗಿ, ‘ನಾನು ಕ್ಲಿಯರ್ ಮಾಡಿದ ಯಾವುದೋ ಪೆಟ್ಟಿಗೇಲೇ ಬಂದಿರತ್ತೆ ಕಣೋ’ ಎಂದು ಪಿಸುಗುಟ್ಟಿದಿರಿ.

ಅವರು ಹೇಳಿದ್ದನ್ನೆಲ್ಲ ಅಲ್ಲಿಂದ ಬರುವ ದಾರಿಯಲ್ಲಿ ನೀವು ನನಗೆ ಮತ್ತೊಮ್ಮೆ ವಿವರಿಸಿದಿರಿ, ನಾನು ಪಕ್ಕದಲ್ಲೇ ಇರಲಿಲ್ಲವೇನೋ ಎಂಬಂತೆ. ಮೇಲೆ ಓಡಾಡುವುದನ್ನು ಕೊಂದು ಪ್ರಯೋಜನವಿಲ್ಲ. ಒಳಗೆ ಆಳದಲ್ಲಿ ರಾಣಿ ಇರುತ್ತದೆ, ಅದು ಹೋಗಬೇಕು. ನಾವು ಅಲ್ಲಿಗೆ ಹೋಗಲಾರೆವು, ಅವೇ ಹೊತ್ತುಕೊಂಡು ಹೋಗಿ ಕೊಡಬೇಕು. ಮೆಕ್ಕೆಜೋಳದ ನುಚ್ಚಿಗೆ ಎಣ್ಣೆ, ಎಣ್ಣೆಯಲ್ಲಿ ವಿಷ. ವಿಷ ಜೋರಾಗಿರಬಾರದು. ತಿಂದ ಇರುವೆ ಮನೆಗೆ ಹೋಗಿ, ಬಾಯಿಂದ ಬಾಯಿಗೆ ಹಂಚಿ, ಅದು ರಾಣಿಯ ಬಾಯಿಗೆ ಬೀಳುವ ತನಕ ಯಾವ ಇರುವೆಗೂ ಏನೂ ಆಗಬಾರದು. ನೆಲ ಒದ್ದೆಯಿರುವಾಗ ಹಾಕಬಾರದು. ನೀರಿನ ಹತ್ತಿರ ಹಾಕಬಾರದು. ದಿಬ್ಬ ಕೆದಕಬಾರದು. ಮತ್ತೆ, ಕಾಯಬೇಕು.

ವಿಷ ಹಾಕುವ ಮೊದಲು ಅವಕ್ಕೆ ಯಾವ ಎಣ್ಣೆ ಹಿಡಿಸುತ್ತದೆ ನೋಡಿ ಎಂದಿದ್ದರಲ್ಲ. ಎಣ್ಣೆ ತಾನೇ, ನಮ್ಮ ಹೋಟೆಲಿನಲ್ಲಿ ಬೇಕಾದಷ್ಟಿದೆ ಎಂದು ಬೋಂಡಾ ಕರಿದು ಉಳಿದ ಎಣ್ಣೆಯನ್ನು ಡಬ್ಬಿಯಲ್ಲಿ ತಂದೆ. ಹಪ್ಪಳದ ಚೂರಿಗೆ ಸವರಿ ಇಟ್ಟು ಬಾವಿಕಟ್ಟೆಯ ಮೇಲೆ ಕೂತೆವು. ಇರುವೆಗಳು ಬಂದವು, ಮೀಸೆಯಲ್ಲಿ ಮುಟ್ಟಿ ನೋಡಿದವು, ತಿರುಗಿ ಹೋದವು. ಒಂದೂ ಬಾಯಿ ಹಾಕಲಿಲ್ಲ. ನೀವು ಕಟ್ಟೆಯಿಂದ ಬೀಳುವ ಹಾಗೆ ನಕ್ಕಿರಿ. ‘ಲೋ, ನಿಮ್ಮ ಹೋಟೆಲ್ ಎಣ್ಣೆ ಎರುಂಬಿಗೂ ಬೇಡವಂತೋ! ಈ ಮೆಡ್ರಾಸಿನ ಜನ ಎಷ್ಟು ವರ್ಷದಿಂದ ತಿಂತಿದ್ದಾರೆ!’ ಅವತ್ತೇ ಹೋಟೆಲಿಗೆ ಬಂದು ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಬಳಸಬಾರದೆಂದು ಕಿಟ್ಟಣ್ಣನ ಹತ್ತಿರ ಜಗಳವಾಡಿದೆ. ನಿಮಗೆ ಹೇಳಿರಲಿಲ್ಲ. ಮುಂದಿನ ವಾರ ಗಾಣದಿಂದ ಹೊಸ ಕಡಲೆಕಾಯಿ ಎಣ್ಣೆ ತಂದಾಗ ಅವು ಮದುವೆ ಮನೆಗೆ ಬಂದಂತೆ ಸಾಲುಗಟ್ಟಿ ಬಂದವು.

ಕೇಂದ್ರದವರು ತಯಾರಿಸಿ ಕೊಟ್ಟ ನುಚ್ಚಿನ ಚೀಲ ಬಿಚ್ಚಿದ ದಿನ ನಿಮಗೆ ಕೈ ಬರಲಿಲ್ಲ. ಕೈಗವಸು ಹಾಕಿಕೊಂಡು, ಬಟ್ಟಲು ಹಿಡಿದು, ಮರದ ಬುಡದಲ್ಲಿ ಸುಮ್ಮನೆ ನಿಂತಿದ್ದಿರಿ. ‘ಮನೇಲಿ ಜಯಲಕ್ಷ್ಮಿ ದಿನಾ ಬೆಳಿಗ್ಗೆ ಅಕ್ಕಿಹಿಟ್ಟಲ್ಲಿ ರಂಗೋಲಿ ಇಡ್ತಾಳೆ, ಇರುವೆ ತಿನ್ನಲಿ ಅಂತ. ನಾನು ಇಲ್ಲಿ ಊಟ ಅಂತ ನಂಬಿಸಿ ವಿಷ ಹಾಕ್ತಿದ್ದೀನಿ. ಮನಸ್ಸು ಒಪ್ಪೋಲ್ಲ ಸಂಜೀವಾ.’ ಬೋರಮ್ಮನೇ ಸೊಸೆಯನ್ನು ಎಳೆದು ತಂದು ಅವಳ ಕೈಯನ್ನು ನಿಮ್ಮ ಮುಂದೆ ಹಿಡಿದಳು. ಮೊಣಕೈವರೆಗೂ ಬೊಕ್ಕೆ, ಒಡೆದದ್ದು, ಒಣಗಿದ್ದು, ಹೊಸದು. ‘ಆ ಪಾಪ ಎಲ್ಲ ನನ್ ತಲೆ ಮ್ಯಾಲೆ ಇರ್ಲಿ ಸಾಮಿ. ಕಾಯಿ ಕುಯ್ಯೋ ಕೈನ ಒಂದ್ ಸಲಿ ನೋಡಿ.’ ನೀವು ನೋಡಿದಿರಿ. ಆಮೇಲೆ ಬಗ್ಗಿ ನುಚ್ಚು ಚೆಲ್ಲಲು ಶುರು ಮಾಡಿದಿರಿ, ತೆಳ್ಳಗೆ, ಸುಗುಣಾ ಹೇಳಿದ ಹಾಗೆಯೇ. ಹಿಂತಿರುಗುವಾಗ ರೆಡ್‌ ಹಿಲ್ಸ್ ತಲುಪುವ ಮೊದಲೇ ಮೋಡ ಒಡೆದು ಮಳೆ ಸುರಿಯಿತು. ಅಷ್ಟೂ ಮದ್ದು ನೀರುಪಾಲು. ವೈಪರ್ ಆಡುವುದನ್ನು ನೋಡುತ್ತ ನೀವು, ‘ಅವಕ್ಕೆ ಇನ್ನೂ ಆಯುಸ್ಸು ಇದೆ’ ಎಂದಿರಿ. ಸಮಾಧಾನವೋ ಬೇಸರವೋ ನಿಮ್ಮ ದನಿಯಿಂದ ತಿಳಿಯಲಿಲ್ಲ.

ಅದರ ನಡುವೆ ಒಂದು ಮಧ್ಯಾಹ್ನ, ಹಪ್ಪಳದ ಚೂರುಗಳನ್ನಿಟ್ಟು ಕಾಯುತ್ತಿದ್ದಾಗ, ನೀವು ಇದ್ದಕ್ಕಿದ್ದಂತೆ ಕೇಳಿದಿರಿ: ‘ನೀವಿಬ್ರೂ ಒಬ್ಬರಿಗೊಬ್ಬರು ಕೆಟ್ಟದು ಮಾಡಿದಿರಾ?’

‘ಇಲ್ಲ ಮಾವ’ ಎಂದೆ.

‘ಮತ್ತೆ?’

ಅವಳು ಆಫೀಸಿಗೆ ಹೊರಡುವಾಗ ನಾನು ಹೋಟೆಲಿನಲ್ಲಿರುತ್ತಿದ್ದೆ, ನಾನು ಬರುವ ಹೊತ್ತಿಗೆ ಅವಳು ಮಲಗಿರುತ್ತಿದ್ದಳು, ಎದುರಾದಾಗ ಆಡುತ್ತಿದ್ದದ್ದು ಹಾಲಿನ ಮಾತು, ಗ್ಯಾಸಿನ ಮಾತು, ಅದೂ ನಿಂತುಹೋಯಿತು ಎಂದೆ. ನೀವು ಅಂದಿರಿ: ‘ನಾನೂ ಜಯಲಕ್ಷ್ಮೀನೂ ಹತ್ತು ವರ್ಷ ಹಾಲು, ಸೀಮೆಎಣ್ಣೆ ಬಿಟ್ಟು ಬೇರೆ ಮಾತಾಡಿದವರಲ್ಲ. ಬಿಟ್ಟು ಹೋಗಬಹುದು ಅಂತ ನಮಗೆ ತೋಚಲಿಲ್ಲ, ಅಷ್ಟೇ.’ ಅದಾದ ಮೇಲೆ ಆ ವಿಷಯವನ್ನು ನೀವು ಎತ್ತಲಿಲ್ಲ. ನನ್ನ ಎದೆಯ ಮೇಲಿದ್ದ ದೊಡ್ಡ ಭಾರವೊಂದು ಅವತ್ತು ಇಳಿಯಿತು ಮಾವ. ತಪ್ಪು ಯಾರದೆಂದು ಹುಡುಕದೆ ನನ್ನ ಹತ್ತಿರ ಮಾತಾಡಿದವರು ನೀವೊಬ್ಬರೇ.

ಆಮೇಲೆ ಐಪ್ಪಸಿ ತಿಂಗಳ ಮಳೆ ಹಿಡಿದು ಬಿಡಲೇ ಇಲ್ಲ. ಕಾಲುವೆ ತುಂಬಿ ತೋಟಕ್ಕೆ ನೀರು ನುಗ್ಗಿದೆ ಎಂದು ಬೋರಮ್ಮ ಫೋನು ಮಾಡಿದಳು. ಬೇಡವೆಂದರೂ ನೀವು ಕೇಳಲಿಲ್ಲ. ಆ ದಿನದ್ದು ನಿಮಗೆ ಅರ್ಧ ಮಾತ್ರ ನೆನಪಿದೆ ಎಂದು ಮುರಳೀಧರ ಹೇಳಿದರು. ಉಳಿದ ಅರ್ಧ ಹೇಳುತ್ತೇನೆ.

ನೀವು ಪಂಚೆ ಮೇಲೆ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ಬದು ಕಡಿದು ನೀರು ಹೊರಬಿಡಲು ಇಳಿದಿದ್ದಿರಿ. ನಾನು ಹಿಂದೆ ಗುದ್ದಲಿ ಹಿಡಿದು ಬರುತ್ತಿದ್ದೆ. ನೀರಿನ ಮೇಲೆ ತುಕ್ಕಿನ ಬಣ್ಣದ ಮುದ್ದೆಯೊಂದು ಮೆಲ್ಲಗೆ ತಿರುಗುತ್ತ ತೇಲಿ ಬಂತು. ಕಸವೆಂದುಕೊಂಡೆ. ನೆರೆ ಬಂದಾಗ ಇಡೀ ಗೂಡು ಒಂದಕ್ಕೊಂದು ಕಚ್ಚಿ ಹಿಡಿದು ದೋಣಿಯಂತೆ ತೇಲುತ್ತದೆ, ಮೊದಲು ಸಿಕ್ಕಿದ್ದನ್ನು ಹತ್ತುತ್ತದೆ ಎಂದು ಆಮೇಲೆ ಸುಗುಣಾ ಹೇಳಿದರು. ಅದಕ್ಕೆ ಮೊದಲು ಸಿಕ್ಕಿದ್ದು ನಿಮ್ಮ ಕಾಲು. ‘ಏನೋ ಸುಡ್ತಿದೆ’ ಎಂದಿರಿ. ನೋಡುವಷ್ಟರಲ್ಲಿ ತೊಡೆಯವರೆಗೂ ಕೆಂಪು. ನಾನೂ ಬೋರಮ್ಮನೂ ನಿಮ್ಮನ್ನು ಎಳೆದು ಬದುವಿಗೆ ಹಾಕಿ, ಅವಳ ಸೆರಗಿನಿಂದ ಉಜ್ಜಿ ಉಜ್ಜಿ ತೆಗೆದೆವು. ಅಷ್ಟರಲ್ಲಿ ನಿಮ್ಮ ತುಟಿ ಊದಿತ್ತು. ಕಣ್ಣು ಮುಚ್ಚಿಕೊಂಡಿತ್ತು. ಉಸಿರು ಸೀಟಿ ಹೊಡೆದಂತೆ ಕೇಳುತ್ತಿತ್ತು. ವ್ಯಾನಿನ ಹಿಂಬದಿಯಲ್ಲಿ ತರಕಾರಿ ಕ್ರೇಟುಗಳ ನಡುವೆ ಬೋರಮ್ಮ ನಿಮ್ಮ ತಲೆ ಹಿಡಿದು ಕೂತಳು. ನೀರು ನಿಂತ ರಸ್ತೆಯಲ್ಲಿ ನಾನು ಹೇಗೆ ಓಡಿಸಿದೆನೋ ನನಗೇ ಗೊತ್ತಿಲ್ಲ. ಹಿಂದಿನಿಂದ ಅವಳು ‘ಉಸಿರು ಐತೆ, ಉಸಿರು ಐತೆ’ ಎಂದು ಕೂಗುತ್ತಲೇ ಇದ್ದಳು, ನಾನು ಕೇಳದಿದ್ದರೂ.

ದಾರಿಯಲ್ಲಿ ಸಿಕ್ಕ ಸಣ್ಣ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ನೋಡಿದ ಕೂಡಲೇ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಎದೆ ಏರಿಳಿಯುವುದು ಸರಿಯಾಯಿತು. ನಾನು ನಿಮಗೇನಾಗಬೇಕೆಂದು ಆಗ ನರ್ಸಮ್ಮ ಕೇಳಿದಳು: ‘ನೀಂಗ ಯಾರು ಸಾರ್ ಅವರುಕ್ಕು?’ ನಾನು ಯೋಚನೆ ಮಾಡಲಿಲ್ಲ. ‘ಪೈಯನ್’ ಎಂದೆ. ಮಗ ಎಂದು. ಅದು ಸರಿಯೋ ತಪ್ಪೋ ನನಗೆ ತಿಳಿಯದು. ಇಷ್ಟು ದಿನ ನಿಮಗೆ ಹೇಳಲು ನಾಚಿಕೆಯಾಗಿತ್ತು.

ರಂಜನಿ ಓಡಿ ಬಂದಳು. ಜೊತೆಗೆ ಮುರಳೀಧರ ಇದ್ದರು. ಅವರಿಬ್ಬರೂ ಮದುವೆಯಾಗುತ್ತಾರೆಂದು ನಾನು ಕೇಳಿದ್ದೆ, ನೋಡಿದ್ದು ಅವತ್ತೇ. ನರ್ಸಮ್ಮ ಅವಳ ಕೈಹಿಡಿದು, ‘ಭಯಪಡಾದೀಂಗ, ಉಂಗ ಅಣ್ಣನ್ ದಾನ್ ಕೂಟ್ಟಿಟ್ಟು ವಂದಾರು’ ಎಂದಳು. ನಿಮ್ಮಣ್ಣನೇ ಕರೆದುಕೊಂಡು ಬಂದದ್ದು ಎಂದು! ರಂಜನಿ ನನ್ನ ಮುಖ ನೋಡಿದಳು. ಅಳುವಿನ ನಡುವೆ ಅವಳಿಗೆ ನಗು ಬಂದದ್ದು, ಅದನ್ನು ನುಂಗಿಕೊಂಡದ್ದು ಎರಡೂ ಕಂಡಿತು. ಆಮೇಲೆ ವರಾಂಡಕ್ಕೆ ಕರೆದು ಮೆಲ್ಲಗೆ ಹೇಳಿದಳು. ‘ಥ್ಯಾಂಕ್ಸ್. ನಿಜವಾಗ್ಲೂ. ಆದ್ರೆ ಇನ್ನೊಂದು ಸಲ ಹೀಗೆ ಕಚ್ಚಿದ್ರೆ ಅಪ್ಪ ಉಳಿಯಲ್ಲ ಅಂತ ಡಾಕ್ಟರ್ ಹೇಳ್ತಿದ್ದಾರೆ. ನೀವಿದ್ದೀರಿ ಅನ್ನೋ ಧೈರ್ಯಕ್ಕೇ ಅವರು ಹೋಗೋದು. ಇನ್ಮೇಲೆ ಕರ್ಕೊಂಡು ಹೋಗ್ಬೇಡಿ, ಪ್ಲೀಸ್.’ ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಆಗಲಿ ಎಂದೆ. ನೀವು ಮನೆಗೆ ಬಂದ ಮೇಲೆ ಮಾಡಿದ ಫೋನುಗಳನ್ನು ನಾನು ಎ‌ತ್ತದೇ ಇದ್ದದ್ದು ಅದಕ್ಕೇ. ಎತ್ತಿದರೆ ನೀವು ‘ಭಾನುವಾರ ಬಾ’ ಎನ್ನುತ್ತಿದ್ದಿರಿ, ನಾನು ಬಂದುಬಿಡುತ್ತಿದ್ದೆ.

ನಿಮ್ಮನ್ನು ಕರೆದುಕೊಂಡು ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ನಾನು ಹೋಗುವುದಿಲ್ಲ ಎಂದು ಕೊಟ್ಟಿರಲಿಲ್ಲ. ಪೊಂಗಲ್ ಮುಗಿದು ನೆಲ ಒಣಗಿದ ಮೇಲೆ ಸುಗುಣಾ ಹತ್ತಿರ ಹೊಸ ಮದ್ದು ಇಸಿದುಕೊಂಡು ಒಬ್ಬನೇ ಹೋದೆ. ಪಕ್ಕದ ಸೀಟಿನಲ್ಲಿ ಪ್ಯಾರೀಸ್ ಕಾರ್ನರ್ ಇರಲಿಲ್ಲ. ದಾರಿ ಬಹಳ ಉದ್ದವೆನಿಸಿತು. ಬೋರಮ್ಮನಿಗೆ ಯಾರಿಗೂ ಹೇಳಬೇಡ ಎಂದಿದ್ದೆ. ಅವಳು ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದದ್ದೇ ಹೆಚ್ಚು.

ಬೇಸಿಗೆ ಕಳೆದು, ಅವರಿಬ್ಬರ ಮದುವೆಯೂ ಆದ ಮೇಲೆ ಒಂದು ದಿನ ಮುರಳೀಧರ ಹೋಟೆಲಿಗೆ ಬಂದು ಮೂಲೆಯ ಟೇಬಲ್ಲಿನಲ್ಲಿ ಕೂತರು. ಕಾಫಿ ಕುಡಿದು ಮುಗಿಸಿ ನನ್ನ ಹತ್ತಿರ ಬಂದು ಹೇಳಿದರು: ‘ಬೋರಮ್ಮ ಮಾವನ ಹತ್ರ ಎಲ್ಲಾ ಹೇಳಿಬಿಟ್ಟಿದ್ದಾಳೆ ಸಾರ್, ನೀವು ಒಬ್ರೇ ಬಂದು ಮದ್ದು ಹಾಕ್ತಿದ್ದೀರಿ ಅಂತ. ಮಾವ ನನ್ನ ಕರೆದು, ಅವನ ಜೊತೆ ಹೋಗಿ ಕಲ್ತುಕೋ, ಒಬ್ಬನನ್ನೇ ಬಿಡಬೇಡ ಅಂದ್ರು.’ ನಿಜ ಹೇಳಲೇ ಮಾವ? ನನಗೆ ಹೊಟ್ಟೆ ಉರಿಯಿತು. ರಂಜನಿಯ ಕಾರಣಕ್ಕಲ್ಲ. ಅವರ ಬಾಯಲ್ಲಿ ‘ಮಾವ’ ಎಂಬ ಮಾತು ಅಷ್ಟು ಸಲೀಸಾಗಿ ಬಂತಲ್ಲ, ಅದಕ್ಕೆ.

ಮೊದಲ ಭಾನುವಾರ ಸೆಂಟು ಹಾಕಿಕೊಂಡು, ಕೈಗೆ ಸ್ಯಾನಿಟೈಸರ್ ತಿಕ್ಕಿಕೊಂಡು ಬಂದರು. ಆ ವಾಸನೆಗೆ ಅವರು ಚೆಲ್ಲಿದ ನುಚ್ಚನ್ನು ಇರುವೆ ಮೂಸಲೂ ಇಲ್ಲ. ಎರಡನೆಯ ವಾರ ಅಂಗಿಯೊಳಗೆ ಇರುವೆ ಹೊಕ್ಕು, ಬಾವಿಯ ಸುತ್ತ ಕುಣಿದರು. ನಾನು ನಗಬಾರದೆಂದು ಆಚೆ ತಿರುಗಿದೆ. ‘ನಗಿ ಸಾರ್, ಪರವಾಗಿಲ್ಲ’ ಎಂದು ಅವರೇ ನಕ್ಕರು. ಒಳ್ಳೆಯವರು ಮಾವ. ಪ್ರತಿ ದಿಬ್ಬದ ಪಕ್ಕ ಕಡ್ಡಿ ನೆಟ್ಟು, ಸತ್ತದ್ದಕ್ಕೆ ಸುಣ್ಣ ಹಚ್ಚಿ, ಮುಂದಿನ ವಾರ ಹೋಗಿ ಬಗ್ಗಿ ನೋಡುತ್ತಾರೆ. ಹೊರಡುವಾಗಲೆಲ್ಲ ‘ಇದನ್ನ ಮಾವನಿಗೆ ಹೇಗೆ ಹೇಳಲಿ?’ ಎಂದು ಕೇಳುತ್ತಾರೆ. ಮನೆಗೆ ಬಂದು ನಿಮಗೆ ಅವರು ಹೇಳುವ ತೋಟದ ಸುದ್ದಿಯಲ್ಲಿ ಅರ್ಧ ನನ್ನ ಮಾತು. ಇಷ್ಟು ದಿನ ನಾನು ನಿಮ್ಮ ಹತ್ತಿರ ಮಾತಾಡಿದ್ದು ಹಾಗೆ.

ಹೋದ ಮಳೆಗಾಲ ಅಷ್ಟು ಕೆಟ್ಟದಾಗಿರಲಿಲ್ಲ. ಜನವರಿಯಲ್ಲಿ ಮತ್ತೊಮ್ಮೆ ಮದ್ದು ಹಾಕಿದೆವು. ಹೋದ ತಿಂಗಳು ಹಪ್ಪಳದ ಚೂರಿಟ್ಟು ಕಾಯುತ್ತಿದ್ದಾಗ ಮುರಳೀಧರ ‘ಸಾರ್, ಇವು ಬೇರೆ’ ಎಂದರು. ಚಿಕ್ಕ ಕಪ್ಪಿರುವೆ, ನಮ್ಮ ಮನೆ ಬಾಗಿಲಲ್ಲೆಲ್ಲ ಇರುತ್ತವಲ್ಲ, ಅವು. ಕೆಂಪಿನವು ಓಡಿಸಿದ್ದ ಹಳೆಯ ಒಕ್ಕಲು ತಿರುಗಿ ಬಂದಿದ್ದವು. ಅವತ್ತೇ ಬೋರಮ್ಮನ ಹೆಂಗಸರು ಕೊಯ್ಲಿಗೆ ಬಂದರು. ಮಧ್ಯಾಹ್ನ ಊಟದ ಹೊತ್ತಿಗೆ, ಯಾರೂ ಹೇಳದೆ, ಮರದ ಕೆಳಗೆ ನೆಲದ ಮೇಲೆ ಕಾಲು ಚಾಚಿ ಕೂತು ಬುತ್ತಿ ಬಿಚ್ಚಿದರು. ಹಿಂದೆ ಅವರು ನಿಂತುಕೊಂಡೇ ತಿನ್ನುತ್ತಿದ್ದದ್ದು ನಿಮಗೆ ನೆನಪಿರಬೇಕು. ನನಗೂ ಮುರಳೀಧರರಿಗೂ ಒಟ್ಟಿಗೆ ಬಾಯಿಗೆ ಬಂದದ್ದು ಒಂದೇ ಮಾತು: ‘ಮಾವ ನೋಡಬೇಕಿತ್ತು.’

ಕಳೆದ ವಾರ ರಂಜನಿ ಫೋನು ಮಾಡಿದಳು. ಆಸ್ಪತ್ರೆಯ ವರಾಂಡದ ನಂತರ ನಾವು ಮಾತಾಡಿದ್ದು ಅದೇ ಮೊದಲು. ‘ಅಪ್ಪ ದಿನಾ ತೋಟ ತೋಟ ಅಂತಾರೆ. ಮುರಳಿ ಹೋಗಬಹುದು ಅಂತಾರೆ. ನೀವು ಹೇಳಿ, ಸೇಫಾ?’ ಒಂದು ವಾರ ಟೈಮು ಕೊಡು ಎಂದೆ. ನಿನ್ನೆ ಹೋಟೆಲು ಕಿಟ್ಟಣ್ಣನಿಗೆ ಬಿಟ್ಟು ಹೋಗಿದ್ದೆ. ಎಲ್ಲ ಸಾಲುಗಳಲ್ಲೂ ಚೂರು ಇಟ್ಟು, ಚಪ್ಪಲಿ ಕಳಚಿ, ಒಂದೊಂದು ಮರದ ಬುಡದಲ್ಲೂ ನಿಂತು ನೋಡಿದೆ. ಆಮೇಲೆ ಬಾವಿಕಟ್ಟೆಯಿಂದಲೇ ಅವಳಿಗೆ ಫೋನು ಮಾಡಿದೆ.

‘ಒಂದೂ ಇಲ್ಲ ಅಂತ ನಾನು ಹೇಳಲಾರೆ ರಂಜನಿ. ಬಾವಿಯಿಂದ ಈಚೆಗೆ ಇಲ್ಲ. ಕಾಲುವೆ ಪಕ್ಕದಲ್ಲಿ ಎರಡು ದಿಬ್ಬ ಕಂಡೆ, ಪಕ್ಕದ ತೋಟದಿಂದ ಬರ್ತಾನೇ ಇರ್ತವೆ. ಬೂಟು ಹಾಕ್ಕೊಂಡು, ಇಂಜೆಕ್ಷನ್ ಜೊತೆಗಿಟ್ಕೊಂಡು, ಬಾವಿ ತನಕ ಮಾತ್ರ ಅಂದ್ರೆ ಆಗ್ಬಹುದು. ಅದಕ್ಕಿಂತ ಹೆಚ್ಚು ಬೇಡ.’

ಅವಳು ಹೇಳಿದಳು: ‘ಎಲ್ಲಾ ಸರಿಯಾಗಿದೆ ಅಂತ ನೀವು ಹೇಳಿದ್ದಿದ್ರೆ ಕರ್ಕೊಂಡು ಬರ್ತಿರಲಿಲ್ಲ. ಭಾನುವಾರ ಬರ್ತೀವಿ. ನೀವೂ ಇರ್ತೀರಲ್ಲ?’

ಇರುತ್ತೇನೆ ಎಂದೆ.

ಹಾಗಾಗಿ ಮಾವ, ಈ ಭಾನುವಾರ ಬನ್ನಿ. ಅತ್ತೆಯವರನ್ನೂ ಕರೆತನ್ನಿ, ಅವರು ಇನ್ನೂ ತೋಟವನ್ನೇ ನೋಡಿಲ್ಲ. ಮುರಳೀಧರ ನಿಮಗೆ ಗಂಬೂಟು ತಂದಿದ್ದಾರೆ. ಬಣ್ಣ ನಿಮಗೆ ಹಿಡಿಸುವುದಿಲ್ಲ, ಗೊತ್ತು. ಜಗಳ ಮಾಡದೆ ಹಾಕಿಕೊಳ್ಳಿ, ಪಂಚೆ ಬೇಡ, ಪ್ಯಾಂಟು. ಇಂಜೆಕ್ಷನ್ ರಂಜನಿಯ ಚೀಲದಲ್ಲಿರುತ್ತದೆ, ಚುಚ್ಚುವುದನ್ನು ಅವಳು ಡಾಕ್ಟರ ಹತ್ತಿರ ಕಲಿತಿದ್ದಾಳೆ. ಬಾವಿಯ ಆಚೆ ಹೋಗುತ್ತೇನೆ ಎಂದು ಹಟ ಮಾಡಬೇಡಿ. ಈ ಸಲ ನಾನು ನಿಮ್ಮ ಮಾತು ಕೇಳುವುದಿಲ್ಲ.

ಬಾವಿಯ ಬಲಕ್ಕಿರುವ ಮರವನ್ನು ಬೋರಮ್ಮ ಯಾರಿಗೂ ಕೊಯ್ಯಲು ಬಿಟ್ಟಿಲ್ಲ. ಸಾಮಿ ಬಂದು ಮೊದಲ ಕಾಯಿ ಕಿತ್ತ ಮೇಲೆಯೇ ಉಳಿದವರು ಎಂದು ಕೂತಿದ್ದಾಳೆ. ಕಾಯಿ ಎಲ್ಲ ಹಳದಿಯಾಗಿ ಒಂದೊಂದೇ ಉದುರತೊಡಗಿದೆ. ತಡ ಮಾಡಬೇಡಿ.

ನಿಮ್ಮ ಉಸಿರು ಸುಗಮವಾಗಿರಲಿ, ನಿಮ್ಮ ಮಣ್ಣಿನಲ್ಲಿ ನಿಮ್ಮ ಕಾಲು ಭಯವಿಲ್ಲದೆ ಊರಲಿ ಎಂದು ಬೇಡಿಕೊಳ್ಳುತ್ತ, ನಿಮಗೂ ಅತ್ತೆಯವರಿಗೂ ಅಡ್ಡಬಿದ್ದು,

ತೋಟದ ಗೇಟಿನಲ್ಲಿ ಕಾಯುತ್ತಿರುವ
ಸಂಜೀವ